ಎರಡು ನಿಮಿಷದ ವಿಮಾನ, ಎಂಟು ದಿನದ ಉಳುಕು

ಜಹೀರಾಬಾದ್

ನಾರಾಯಣಖೇಡದ ಬಸ್ ಸ್ಟ್ಯಾಂಡಿನ ಮುಂದೆ ಕಂಗ್ಟಿಗೆ ಹೋಗುವ ಷೇರ್ ಆಟೋದಲ್ಲಿ ಜಾಗ ಹಿಡಿದರೆ, ಅದು ಹೊರಡುವ ಮುನ್ನ ಒಂದು ಚಹಾ ಕುಡಿಯಬಹುದು, ಪೇಪರ್ ಓದಬಹುದು, ಪಕ್ಕದಲ್ಲಿ ಕೂತವರ ಮಗಳ ಮದುವೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಯೂ ಮುಗಿಸಬಹುದು. ಮಂದಿ ತುಂಬದೆ ಆಟೋ ಅಲುಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹಲವು ಸಲ ಹೋಗಿ ಬರಬಹುದಾದ ವಿಮಾನವೊಂದು ಈ ಭೂಮಿಯ ಮೇಲಿದೆ ಎಂದು ನನಗೆ ಹೇಳಿದವಳು ನನ್ನ ಅಕ್ಕನ ಮಗಳು ಸುಜಾತಾ.

ಸುಜಾತಾ ನರ್ಸು. ಸ್ಕಾಟ್ಲೆಂಡಿನ ಉತ್ತರದ ತುದಿಯನ್ನೂ ದಾಟಿದ ಮೇಲೆ ಸಮುದ್ರದಲ್ಲಿ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಅಲ್ಲಿನ ದೊಡ್ಡ ಊರಾದ ಕರ್ಕ್‌ವಾಲ್‌ನಲ್ಲಿ ಅವಳ ಕೆಲಸ. ಹೋರಿಯಿಂದ ಪಕ್ಕೆಲುಬಿಗೆ ಒದೆಸಿಕೊಂಡು ಬಂದಿದ್ದ ಮ್ಯಾಗ್ನಸ್ ಎಂಬ ರೈತರ ಹುಡುಗನಿಗೆ ಅವಳು ಶುಶ್ರೂಷೆ ಮಾಡಿದಳು. ಪಕ್ಕೆಲುಬು ಕೂಡಿತು, ಹಾಗೆಯೇ ಇವರಿಬ್ಬರೂ ಕೂಡಿದರು. ಒಂದು ದಿನ ಅವಳು ಫೋನ್ ಮಾಡಿ ಮದುವೆಯಾದರೆ ಇವನನ್ನೇ ಎಂದಳು. ಹುಡುಗನ ಊರು ಯಾವುದೆಂದು ನಮ್ಮ ಅಕ್ಕ ಈರಮ್ಮ ಕೇಳಿದಳು. ಪಾಪಾ ವೆಸ್ಟ್ರೇ ಎಂದು ಉತ್ತರ ಬಂತು.

"ಹೋಗಿ ಹೋಗಿ ಪಾಪದ ಊರಿಗಿ ಕೊಡಾದೇನು ಹುಡುಗೀನ?" ಎಂದಳು ಅಕ್ಕ.

ನಮ್ಮದು ಕಲ್ಹೇರ್ ಕಡೆಯ ಕುರಿ ಸಾಕುವವರ ಮನೆತನ. ನಾನು ಬೀದರಿನಲ್ಲಿ ನಾಲ್ಕಕ್ಷರ ಕಲಿತು, ಕುರಿ ಬಿಟ್ಟು, ನಾರಾಯಣಖೇಡದಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟೆ. ಆದರೂ ಮದುವೆಯ ವಿಷಯದಲ್ಲಿ ಸೋದರಮಾವನ ಮಾತಿಗೆ ತೂಕವಿದೆ. ಭಾವ, "ನೀ ನೋಡಿ ಬಂದು ಹೂಂ ಅಂದ್ರ ನಂದೂ ಹೂಂ" ಎಂದು ಹೇಳಿ ಕುರಿಯ ಹಿಂದೆ ಹೋಗಿಬಿಟ್ಟ. ಅಕ್ಕನಿಗೆ ವಿಮಾನದ ಹೆಸರೆತ್ತಿದರೆ ಆಗುವುದಿಲ್ಲ. ಹೀಗೆ ವರನ ಮನೆ ನೋಡಿ ಬರುವ ಭಾರ ನನ್ನ ಹೆಗಲಿಗೆ ಬಿತ್ತು.

ಹೈದರಾಬಾದ್ ಬಸ್ಸಿಗೆ ಬಿಡಲು ಅಕ್ಕ ಜಹೀರಾಬಾದ್‌ವರೆಗೆ ಬಂದಿದ್ದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಗಂಟನ್ನು ನನ್ನ ಚೀಲಕ್ಕೆ ತುರುಕುತ್ತ ಇನ್ನೊಮ್ಮೆ ದೂರದ ಮಾತೆತ್ತಿದಳು. ನಾನು ಧೈರ್ಯ ತುಂಬಲೆಂದು, ಮೂರು ನಾಲ್ಕು ವಿಮಾನ ಬದಲಿಸಬೇಕು, ಆದರೆ ಕೊನೆಯದಂತೂ ಎರಡೇ ನಿಮಿಷದ ಹಾದಿ ಎಂದೆ.

"ಎರಡ ಮಿನಿಟೇನು? ಹಂಗಿದ್ರ ನಡಕೊಂಡು ಹೋಗಾಕ ಏನಾಗ್ಯದ?"

"ನಡುವ ಸಮುದ್ರ ಅದ ಅಕ್ಕಾ."

ಬಸ್ಸು ಬಂದಾಗ ಅವಳು ಒಂದೇ ಮಾತು ಹೇಳಿದಳು. "ಹುಡುಗನ್ನ ಆಕಿ ನೋಡ್ಯಾಳ. ನೀ ಹುಡುಗನ ತಾಯಿನ್ನ ನೋಡಿ ಬಾ."

ಕರ್ಕ್‌ವಾಲ್

ವಿಮಾನದಿಂದ ವಿಮಾನಕ್ಕೆ ಹಾರಿ, ಪ್ರತಿಯೊಂದೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಬಂದು, ಕರ್ಕ್‌ವಾಲ್‌ನಲ್ಲಿ ಇಳಿದೆ. ನಮ್ಮ ಕಡೆ ಜೂನಿನಲ್ಲಿ ಮೊದಲ ಮಳೆಗೆ ಕಾಯುತ್ತಿರುತ್ತೇವೆ. ಇಲ್ಲಿ ಬೇಸಿಗೆ ಎಂದು ಹೇಳಿ ಸುಜಾತಾ ನನಗೆ ಎರಡು ಸ್ವೆಟರ್ ತೊಡಿಸಿದಳು. ಗಾಳಿ ಎಷ್ಟಿತ್ತೆಂದರೆ ಮಾತಾಡಲು ಬಾಯಿ ತೆರೆದರೆ ಮಾತು ವಾಪಸ್ ಗಂಟಲಿಗೆ ಹೋಗುತ್ತಿತ್ತು. ಗಿಡಮರಗಳು ಅಪರೂಪ. ಇದ್ದ ಕೆಲವೂ ಗೋಡೆಯ ಮರೆಯಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದವು.

ಅಲ್ಲಿನ ಮಂದಿಯ ಮಾತಿನಲ್ಲಿ ಒಂದು ಪದ ಮತ್ತೆ ಮತ್ತೆ ಕಿವಿಗೆ ಬಿತ್ತು. ಚಹಾ ಕೊಡುವ ಹೆಂಗಸು "ಪೀಡಿ" ಕಪ್ಪು ಎಂದಳು. ಟಿಕೆಟ್ ನೋಡುವವನು "ಪೀಡಿ" ಪ್ಲೇನು ಎಂದ. ಪಕ್ಕದ ಮನೆಯ ಮುದುಕ ನನ್ನ ಕಡೆ ಕೈ ತೋರಿಸಿ ಅದೇ ಪದ ಹೇಳಿದಾಗ ನನಗೆ ಮುಖ ಕೆಂಪಾಯಿತು. ಬಂದ ದಿನವೇ ನನ್ನನ್ನು ಪೀಡೆ ಅನ್ನುವುದೇ? ಸುಜಾತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಪೀಡಿ ಎಂದರೆ ಅವರಲ್ಲಿ ಪುಟ್ಟದು, ಮುದ್ದಾದದ್ದು ಎಂದು ಅರ್ಥವಂತೆ. ಪುಟ್ಟ ಆಸಾಮಿ ದೂರದಿಂದ ಬಂದಿದ್ದಾನೆ ಎಂದು ಆತ ಅಕ್ಕರೆಯಿಂದಲೇ ಹೇಳಿದ್ದ.

ಸಂಜೆ ಅವಳ ಬಾಡಿಗೆ ಮನೆಯಲ್ಲಿ ರೊಟ್ಟಿ ತಿನ್ನುತ್ತ ನಾನು ಕೇಳಿಯೇ ಬಿಟ್ಟೆ. ಇಷ್ಟು ದೂರ, ಇಷ್ಟು ಥಂಡಿ, ಮಾತಾಡಲು ನಮ್ಮವರೊಬ್ಬರೂ ಇಲ್ಲ, ನಿಭಾಯಿಸುತ್ತೀಯಾ?

ಅವಳು ರೊಟ್ಟಿ ಮುರಿಯುತ್ತ, "ಮಾಮಾ, ನಿಮ್ಮ ಒಪ್ಗಿ ಬೇಕು ಅಂತ ಕರಸೀನಿ. ಒಪ್ಗಿ ಸಿಗಲಿಲ್ಲಂದ್ರೂ ನಾ ಇಲ್ಲೇ ಇರಾಕಿ. ಆದ್ರ ಅವ್ವನ ಮನಸ ಮುರದು ಇರಾಕ ನಂಗ ಆಗಂಗಿಲ್ಲ" ಎಂದಳು. ನಾನು ಇನ್ನೊಂದು ರೊಟ್ಟಿಗೆ ಹಿಂಡಿ ಹಚ್ಚಿಕೊಂಡೆ.

ವೆಸ್ಟ್ರೇ

ಮರುದಿನ ಬೆಳಿಗ್ಗೆ ನೋಡಿದ ವಿಮಾನ ನಮ್ಮ ಮಿನಿಬಸ್ಸಿಗಿಂತ ಸಣ್ಣದು. ತೂಕ ಸಮ ಮಾಡಲು ಯಾರು ಎಲ್ಲಿ ಕೂರಬೇಕೆಂದು ಅವರೇ ಹೇಳುತ್ತಾರೆ. ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ ಪೈಲಟ್ಟಿನ ಪಕ್ಕದಲ್ಲೇ ಕೂರಿಸಿದರು. ಷೇರ್ ಆಟೋದಲ್ಲಿ ಡ್ರೈವರನ ಸೀಟಿನ ತುದಿಗೆ ಕೂತು ರೂಢಿಯಾದವನು ನಾನು. ಗೊತ್ತಿಲ್ಲದೆಯೇ ಒಂದು ಕಾಲು ಹೊರಗಿಟ್ಟವರ ಹಾಗೆ ವಾರೆಯಾಗಿ ಕೂತೆ. ಪೈಲಟ್ ಹೆಣ್ಣುಮಗಳು. ಹಿಂದಕ್ಕೆ ತಿರುಗಿ ಬೆಲ್ಟ್ ಕಟ್ಟಿಕೊಳ್ಳಿ ಎಂದು ಬಾಯಿಮಾತಿನಲ್ಲೇ ಎಲ್ಲರಿಗೂ ಹೇಳಿ, ನನ್ನ ಮೊಣಕಾಲನ್ನು ನಯವಾಗಿ ಆ ಕಡೆ ಸರಿಸಿ, ವಿಮಾನ ಎಬ್ಬಿಸಿದಳು.

ಮೊದಲು ವೆಸ್ಟ್ರೇ ದ್ವೀಪ. ಅಲ್ಲಿನ ವಿಮಾನ ನಿಲ್ದಾಣವೆಂದರೆ ಒಂದು ಬಯಲು, ಒಂದು ಕೋಣೆ, ಗಾಳಿಯ ದಿಕ್ಕು ತೋರಿಸುವ ಒಂದು ಬಟ್ಟೆಯ ಚೀಲ. ಮೂವರು ಇಳಿದರು, ಅಂಚೆಯ ಮೂಟೆಯೊಂದು ಹತ್ತಿತು. ಕಿಟಕಿಯಿಂದ ನೋಡಿದರೆ ಆಚೆಯ ದ್ವೀಪ ಅಲ್ಲೇ ಕಾಣುತ್ತಿತ್ತು. ಅದೇ ಪಾಪಾ ವೆಸ್ಟ್ರೇ. ನಡುವೆ ಎರಡು ಮೈಲಿಯೂ ಇಲ್ಲದ ನೀರು. ಲೋಕದಲ್ಲಿ ಇಷ್ಟು ಗಿಡ್ಡ ವಿಮಾನಯಾನ ಇನ್ನೊಂದಿಲ್ಲವಂತೆ. ಗಾಳಿ ಹಿಂದಿನಿಂದ ಬೀಸಿದರೆ ಎರಡು ನಿಮಿಷವೂ ಹಿಡಿಯುವುದಿಲ್ಲ ಎಂದು ಹಿಂದಿನ ಸೀಟಿನಿಂದ ಸುಜಾತಾ ಹೇಳಿದಳು.

ಅಂಗಡಿಯ ಹುಡುಗರಿಗೆ ತೋರಿಸಲು ಒಂದು ಫೋಟೋ ಬೇಕಿತ್ತು. ವಿಮಾನ ನೆಲ ಬಿಟ್ಟಿತು. ನಾನು ಸ್ವೆಟರಿನ ಒಳಗಿನ ಸ್ವೆಟರಿನ ಒಳಗಿನ ಜೇಬಿನಿಂದ ಫೋನ್ ತೆಗೆದೆ, ಲಾಕ್ ತೆಗೆಯಲು ಬೆರಳು ಎಳೆದೆ, ತಪ್ಪಿತು, ಮತ್ತೆ ಎಳೆದೆ, ಕ್ಯಾಮೆರಾ ಒತ್ತಿದೆ. ಆ ಫೋಟೋ ಈಗಲೂ ನನ್ನ ಹತ್ತಿರವಿದೆ. ಅದರಲ್ಲಿ ಸಮುದ್ರವಿಲ್ಲ. ನನ್ನ ಮೊಣಕಾಲಿದೆ, ಅದರ ಹಿಂದೆ ಹಸಿರು ಹುಲ್ಲಿದೆ, ಹುಲ್ಲಿನ ಮೇಲೆ ಹಳದಿ ಹೆಲ್ಮೆಟ್ ಹಾಕಿ ನಿಂತ ಒಬ್ಬ ಮನುಷ್ಯನಿದ್ದಾನೆ. ನಾವು ಇಳಿದಾಗಿತ್ತು.

ಪಾಪಾ ವೆಸ್ಟ್ರೇ

ಹೆಲ್ಮೆಟ್ಟಿನ ಮನುಷ್ಯ ಬೆಂಕಿ ಆರಿಸುವ ಗಾಡಿಯ ಪಕ್ಕದಲ್ಲಿ ಶಿಸ್ತಾಗಿ ನಿಂತಿದ್ದ. ವಿಮಾನ ಮತ್ತೆ ಹಾರಿ ಮರೆಯಾದ ಮೇಲೆ ಹೆಲ್ಮೆಟ್ ತೆಗೆದು ಓಡಿ ಬಂದು ನನ್ನ ಕೈ ಕುಲುಕಿದ. ಅವನೇ ಮ್ಯಾಗ್ನಸ್. ಕೆಂಪು ಗಡ್ಡ, ನಾಚಿಕೆಯ ಮುಖ. ವಿಮಾನ ಬರುವ ಹೊತ್ತಿಗೆ ಅಗ್ನಿಶಾಮಕ, ಹೋದ ಮೇಲೆ ರೈತ, ಬೇಕಾದಾಗ ದ್ವೀಪದ ವ್ಯಾನ್ ಡ್ರೈವರ್. ಊರು ಸಣ್ಣದಾದರೆ ಹೀಗೆಯೇ. ನಮ್ಮಲ್ಲೂ ಪೆಂಡಾಲ್ ಹಾಕುವವನೇ ಮೈಕ್ ಸೆಟ್ಟಿನವನು, ಲೈಟಿನವನೂ ಅವನೇ.

ನಾನು ಮೊದಲು ಬೆರಗಾಗಿದ್ದು ಹುಡುಗನನ್ನು ನೋಡಿ ಅಲ್ಲ, ಅವರ ಮನೆಯನ್ನು ನೋಡಿ. ನನ್ನ ಹೆಂಡತಿಯ ತವರು ಹಾಸುಗಲ್ಲಿಗೆ ಹೆಸರಾದ ತಾಂಡೂರು. ಅವಳ ತಂದೆಗೆ ಕಲ್ಲು ಪಾಲಿಶ್ ಮಾಡುವ ಘಟಕವಿತ್ತು. ಹಾಸುಗಲ್ಲು ಎಂದರೆ ನಮಗೆ ನೆಲಕ್ಕೆ ಹಾಸುವುದು. ಇಲ್ಲಿ ಅಂಥದೇ ಚಪ್ಪಟೆ ಕಲ್ಲನ್ನು ಹಳೆಯ ಮನೆಗಳ ಮೇಲೆ ಮಾಡಿಗೆ ಹೊದಿಸಿದ್ದರು, ಹೊಲದ ಅಂಚಿಗೆ ಬೇಲಿಯಂತೆ ನಿಲ್ಲಿಸಿದ್ದರು, ಕುರಿದೊಡ್ಡಿಯ ಬಾಗಿಲಿಗೂ ಒಂದು ಚಪ್ಪಡಿ ಇಟ್ಟಿದ್ದರು. ದಂಡೆಯ ಹತ್ತಿರ ಸಾವಿರಾರು ವರ್ಷ ಹಿಂದಿನ ಒಂದು ಮನೆಯಿದೆ. ಅದೂ ಇದೇ ಕಲ್ಲು. ಒಳಗೆ ಬಗ್ಗಿ ಹೋಗಿ ಗೋಡೆ ಸವರಿದೆ. ಹೆಂಡತಿಗೆ ವಿಡಿಯೋ ಕಳಿಸಿದರೆ, ನಿಮ್ಮನ್ನ ವಿಲಾಯತ್ತಿಗೆ ಕಳಿಸಿದರೆ ತಾಂಡೂರಿಗೇ ಹೋಗಿ ಕೂತಿರೇನು ಎಂದು ಉತ್ತರ ಬಂತು.

ಮ್ಯಾಗ್ನಸ್‌ನ ತಂದೆ ಮಾತು ಕಮ್ಮಿಯ ಮನುಷ್ಯ. ಕೈ ಕುಲುಕಿ, ಹವೆಯ ವಿಷಯ ಹೇಳಿ, ದನದ ಕೊಟ್ಟಿಗೆಗೆ ಹೋದ. ತಾಯಿಯ ಹೆಸರು ಇಂಗ್ರಿಡ್. ಎತ್ತರದ ಆಳು, ಬಿಳಿಕೂದಲನ್ನು ಗಿಡ್ಡಗೆ ಕತ್ತರಿಸಿದ್ದಳು. ಚಹಾ ಕೊಟ್ಟಳು, ಕೇಕು ಕೊಟ್ಟಳು, ಕುರ್ಚಿಗೆ ದಿಂಬು ಇಟ್ಟಳು. ಯಾವುದರಲ್ಲೂ ಕೊರತೆಯಿಲ್ಲ. ಆದರೆ ಸುಜಾತಾಳ ಜೊತೆ ಮಾತಾಡುವಾಗ ಬಸ್ಸು ಬರುವವರೆಗೆ ಮಾತಾಡುವ ಸಹಪ್ರಯಾಣಿಕರ ಹಾಗೆ ಮಾತಾಡುತ್ತಿದ್ದಳು. ನಗು ಇತ್ತು, ನೆಚ್ಚಿಗೆ ಇರಲಿಲ್ಲ. ಅಕ್ಕ ಹೇಳಿದ್ದಂತೆ ತಾಯಿಯನ್ನು ನೋಡಿದೆ. ನೋಡಿದ್ದು ನನಗೆ ಅರ್ಥವಾಗಲಿಲ್ಲ.

ಕುರಿಗಳ ನಡುಗಡ್ಡೆ

ದ್ವೀಪದ ಪಕ್ಕದಲ್ಲೇ ಮನುಷ್ಯರಿಲ್ಲದ ಒಂದು ನಡುಗಡ್ಡೆಯಿದೆ. ಅಲ್ಲಿ ಕುರಿಗಳನ್ನು ಬಿಟ್ಟಿರುತ್ತಾರೆ. ಆ ಕುರಿಗಳು ಸಮುದ್ರ ತಂದು ಹಾಕುವ ನೀರಿನ ಸೊಪ್ಪು ತಿಂದು ಬದುಕುತ್ತವೆ. ಉಪ್ಪುನೀರಿನ ಸೊಪ್ಪು ತಿನ್ನುವ ಕುರಿಯ ಸುದ್ದಿ ಕೇಳಿದರೆ ನಮ್ಮ ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ. ವರ್ಷಕ್ಕೊಮ್ಮೆ ಊರವರೆಲ್ಲ ದೋಣಿಯಲ್ಲಿ ಹೋಗಿ, ಕುರಿಗಳನ್ನು ಒಟ್ಟುಗೂಡಿಸಿ ಉಣ್ಣೆ ಕತ್ತರಿಸುತ್ತಾರೆ. ನಾನು ಹೋದ ಮರುದಿನವೇ ಆ ಕೆಲಸ ಬಿತ್ತು.

ಕುರಿ ಸಾಕುವ ಮನೆತನದವನು ಎಂದು ಸುಜಾತಾ ಎಲ್ಲರಿಗೂ ಹೇಳಿಬಿಟ್ಟಿದ್ದಳು. ನಾನು ಕುರಿಯ ಹಿಂದೆ ನಡೆಯುವುದನ್ನು ಬಿಟ್ಟು ಮೂವತ್ತು ವರ್ಷವಾಗಿರಬಹುದು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಎಲ್ಲರೂ ಕೈಕೈ ಹಿಡಿದಷ್ಟು ಹತ್ತಿರ ಸಾಲಾಗಿ ನಿಂತು ಕುರಿಗಳನ್ನು ಕಲ್ಲಿನ ದೊಡ್ಡಿಯತ್ತ ಅಟ್ಟುತ್ತ ಬಂದರು. ನಾನೂ ಸಾಲಿನಲ್ಲಿ ನಿಂತು, ಅಪ್ಪ ಕೂಗುತ್ತಿದ್ದ ಹಾಗೆ ನಾಲಿಗೆ ಮಡಚಿ "ಹುರ್ರ್ರ್ರಾ" ಎಂದು ಕೂಗಿದೆ. ಕಲ್ಹೇರ್‌ನಲ್ಲಿ ಆ ಕೂಗಿಗೆ ಇಡೀ ಹಿಂಡು ತಿರುಗುತ್ತದೆ. ಇಲ್ಲಿಯೂ ತಿರುಗಿತು, ನೇರವಾಗಿ ನನ್ನ ಕಡೆಗೇ. ಮುಂದಿದ್ದ ಟಗರು ನನ್ನ ಕಾಲುಗಳ ನಡುವಿನಿಂದ ದಾರಿ ಮಾಡಿಕೊಂಡಿತು. ನಾನು ಸೊಪ್ಪು ಹರಡಿದ ಬಂಡೆಯ ಮೇಲೆ ಜಾರಿ ಕೂತೆ. ಹಿಂಡೆಲ್ಲ ನನ್ನನ್ನು ದಾಟಿಕೊಂಡು ಮತ್ತೆ ಬಯಲಿಗೆ ಹೋಯಿತು.

ಸುಜಾತಾ ಓಡಿ ಬಂದು ನನ್ನ ಪಾದವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿದಳು. "ಎಲುಬು ಮುರದಿಲ್ಲ ಮಾಮಾ, ಜೋರ ಉಳುಕ್ಯದ. ಒಂದ ವಾರ ಕಾಲ ಊರಂಗಿಲ್ಲ" ಎಂದಳು. ಇಬ್ಬರು ನನ್ನನ್ನು ದೋಣಿಗೆ ಎತ್ತಿದರು. ಊರವರು ಮತ್ತೆ ಮೊದಲಿನಿಂದ ಸಾಲು ಕಟ್ಟಿದರು. ಯಾರೂ ಬೈಯಲಿಲ್ಲ. ಒಬ್ಬ ಅಜ್ಜ ಮಾತ್ರ ಮುಂದಿನ ವರ್ಷ ಬರುವ ಮೊದಲು ತಿಳಿಸಿ ಎಂದ.

ಸುಜಾತಾಳ ರಜೆ ಮುಗಿದಿತ್ತು, ಅವಳು ಕರ್ಕ್‌ವಾಲ್‌ಗೆ ಹೋದಳು. ಕಾಲು ಚಾಚಲು ಜಾಗವಿಲ್ಲದ ಆ ವಿಮಾನಕ್ಕೆ ನಾನು ಹತ್ತುವ ಹಾಗಿರಲಿಲ್ಲ. ಒಂದು ರಾತ್ರಿ ಇದ್ದು ಬರಲು ಹೋದವನು ಬೀಗರ ಮನೆಯಲ್ಲಿ ಎಂಟು ದಿನ ಮಲಗಿದೆ. ಇನ್ನೂ ಬೀಗರೂ ಆಗಿರಲಿಲ್ಲ.

ಇಂಗ್ರಿಡ್‌ಳ ಅಡುಗೆಮನೆ

ನನ್ನ ಇಂಗ್ಲಿಷು ಮೋಟರಿನ ವಾರಂಟಿ ಕಾರ್ಡಿನ ಇಂಗ್ಲಿಷು. ಇಂಗ್ರಿಡ್ ನನಗಾಗಿ ಮಾತನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ದಿನವೆಲ್ಲ ಅವಳ ಅಡುಗೆಮನೆಯ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಕೂತಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆಂದು ಅವರ ಹಳೆಯ ನೀರಿನ ಪಂಪು ತರಿಸಿಕೊಂಡು ಬಿಚ್ಚಿದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು, ಪಂಪು ಮಾತ್ರ ಓಡಿತು.

ಒಂದು ದಿನ ಅವಳು ರೊಟ್ಟಿ ಮಾಡಿದಳು. ಹೆಸರು ಬ್ಯಾನಕ್. ಅವರ ಕಡೆಯ ಹಳೇ ತಳಿಯ ಬಾರ್ಲಿಯ ಹಿಟ್ಟು, ಮಣ್ಣಿನ ಬಣ್ಣ, ಹಂಚಿನ ಮೇಲೆ ಸುಡುತ್ತಾರೆ. ವಾಸನೆ ಬಂದ ಕೂಡಲೇ ನಾನು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅಕ್ಕ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಫೋನನ್ನು ಹಂಚಿನ ಕಡೆ ತಿರುಗಿಸಿದೆ. ಅಷ್ಟು ದಪ್ಪ ಇದ್ದರೆ ಒಳಗೆ ಬೇಯುವುದಿಲ್ಲ, ಹಿಟ್ಟಿಗೆ ಬಿಸಿನೀರು ಹಾಕಲು ಹೇಳು ಎಂದಳು. ನಿಮ್ಮಕ್ಕನೇ ಒಮ್ಮೆ ಹಿಟ್ಟಿಗೆ ಮಜ್ಜಿಗೆ ಹಾಕಿ ನೋಡಲಿ ಎಂದಳು ಇಂಗ್ರಿಡ್. ರೊಟ್ಟಿಯಿಂದ ಹೊಲಕ್ಕೆ, ಹೊಲದಿಂದ ಕುರಿಗೆ, ಕುರಿಯಿಂದ ಮಂಡಿನೋವಿಗೆ ಮಾತು ಹೋಯಿತು. ನಾನು ನಡುವೆ ಕೂತು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದೆ.

ಆಗ ಅಕ್ಕ ಮೊರ ಕೆಳಗಿಟ್ಟಳು. "ತಮ್ಮಾ, ಆಕಿಗಿ ಕೇಳು. ನಮ್ಮ ಹುಡುಗಿ ಆಕಿ ಮನಸ್ಸಿಗಿ ಬಂದಾಳೇನು?"

ಕೇಳಿದೆ. ಇಂಗ್ರಿಡ್ ಹಂಚಿನ ಕೆಳಗಿನ ಉರಿ ಸಣ್ಣದು ಮಾಡಿ, ಟವೆಲಿನಿಂದ ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು.

"ಸುಜಾತಾ ಒಳ್ಳೆಯ ಹುಡುಗಿ. ಆದರೆ ನನಗೆ ಸಂತೋಷವಾಗಿದೆ ಅಂದರೆ ಸುಳ್ಳಾಗುತ್ತದೆ" ಎಂದಳು. "ನನ್ನ ಹೆಣ್ಣುಮಕ್ಕಳಿಬ್ಬರೂ ದ್ವೀಪ ಬಿಟ್ಟು ಹೋದರು. ಇವನೊಬ್ಬ ಉಳಿದ. ಅವಳು ಬಿಸಿಲಿನ ನಾಡಿನವಳು. ಇಲ್ಲಿನ ಚಳಿಗಾಲದ ಕತ್ತಲೆಯನ್ನು ಒಂದು ವರ್ಷ ತಾಳುತ್ತಾಳೆ, ಎರಡು ವರ್ಷ ತಾಳುತ್ತಾಳೆ. ಆಮೇಲೆ ಹೋಗೋಣ ಅನ್ನುತ್ತಾಳೆ. ಇವನು ಹೋಗುತ್ತಾನೆ. ಎರಡು ನಿಮಿಷದ ವಿಮಾನ ಅಂತ ಎಲ್ಲರೂ ನಗುತ್ತಾರೆ. ಹೋದವರು ಅಷ್ಟೇ ಬೇಗ ತಿರುಗಿ ಬರುವುದಿಲ್ಲ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ ನಮ್ಮಲ್ಲಿ. ನನ್ನ ನಾಲಿಗೆಯ ಮೇಲೆ ಒಂದು ಸುಳ್ಳು ಸಿದ್ಧವಾಗಿ ಕೂತಿತ್ತು. ಹುಡುಗಿ ಬಂಗಾರದಂಥವಳು ಅಂತಾಳೆ ಅಕ್ಕಾ ಎಂದರೆ ಸಾಕಿತ್ತು, ಎಲ್ಲರ ಕೆಲಸವೂ ಆಗುತ್ತಿತ್ತು. ಇಂಗ್ರಿಡ್ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಬಾರದು, ಆದರೆ ತನ್ನ ಮಾತು ಎಷ್ಟು ಉದ್ದವಿತ್ತೆಂದು ಅವಳಿಗೆ ಗೊತ್ತು. ನಾನು ಅವಳು ಹೇಳಿದ್ದನ್ನು ಒಂದೂ ಬಿಡದೆ ಅಕ್ಕನಿಗೆ ಹೇಳಿದೆ.

ಅಕ್ಕನ ಹಿಂದಿನಿಂದ ಒಂದು ಕುರಿಮರಿ ಬಂದು ಬೇಳೆಗೆ ಬಾಯಿ ಹಾಕಿತು, ಅವಳು ಅದನ್ನು ಓಡಿಸಲಿಲ್ಲ.

"ಖರೇ ಮಾತಾಡ್ಯಾಳ" ಎಂದಳು ಕೊನೆಗೆ. "ನಾ ಅಂಜೂದು ಇದಕ್ಕೇ ಅಂತ ಹೇಳು ಆಕಿಗಿ. ನನ್ನ ಮಗಳ್ನ ಆಕಿ ಊರ ನುಂಗ್ತದ ಅಂತ ನಂಗ. ತನ್ನ ಮಗನ್ನ ನನ್ನ ಮಗಳು ಒಯ್ತಾಳ ಅಂತ ಆಕಿಗಿ. ಹೂಂ ಅನ್ಬ್ಯಾಡ, ಊಹೂಂ ಅನ್ಬ್ಯಾಡ ತಮ್ಮಾ. ನಾನೇ ಬಂದು ಆಕಿನ್ನ ನೋಡ್ತೀನಿ."

ನಾನು ಅದನ್ನೂ ದಾಟಿಸಿದೆ. ಇಂಗ್ರಿಡ್ ತಲೆಯಾಡಿಸಿದಳು. ಹಂಚಿನ ಮೇಲಿನ ಬ್ಯಾನಕ್ ಕರಕಾಗಿತ್ತು.

ಸಂಜೆ ಸುಜಾತಾಳಿಗೆ ಸುದ್ದಿ ಮುಟ್ಟಿತು. ಫೋನಿನಲ್ಲಿ ಅವಳ ಧ್ವನಿ ಮೆಟ್ಟಿಲಿಳಿದಂತೆ ಇಳಿಯುತ್ತ ಹೋಯಿತು. "ಮಾಮಾ, ಅದನ್ಯಾಕ ಹೇಳಿದ್ರಿ?" ಎಂದು ಕೇಳಿದಳು. ಮರುದಿನ ಮಂಜು ಕವಿದು ವಿಮಾನ ಬರಲಿಲ್ಲ. ಅವಳು ದೋಣಿ ಹಿಡಿದು, ಅಲೆಗೆ ವಾಂತಿ ಮಾಡಿಕೊಂಡು, ಬಿಳಿಚಿದ ಮುಖದಲ್ಲಿ ಬಂದಿಳಿದಳು. ನನ್ನ ಕಡೆ ನೋಡಲೂ ಇಲ್ಲ. ಇಂಗ್ರಿಡ್‌ಳನ್ನು ಕರೆದುಕೊಂಡು ದಂಡೆಗೆ ಹೋದಳು. ಇಬ್ಬರೂ ಮಂಜಿನಲ್ಲಿ ಕರಗಿ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಏನು ಮಾತಾಡಿದರೋ ಇವತ್ತಿಗೂ ನನಗೆ ಹೇಳಿಲ್ಲ. ತಿರುಗಿ ಬಂದಾಗ ಇಬ್ಬರ ಬೂಟಿನೊಳಗೂ ನೀರು ಹೊಕ್ಕಿತ್ತು. ಇಂಗ್ರಿಡ್‌ಳ ಕೋಟು ಸುಜಾತಾಳ ಹೆಗಲ ಮೇಲಿತ್ತು. ಆ ಸಂಜೆ ಅವರು ಸಹಪ್ರಯಾಣಿಕರಂತೆ ಮಾತಾಡಲಿಲ್ಲ. ಉಪ್ಪು ಜಾಸ್ತಿಯಾಯಿತು ಎಂದು ಸಣ್ಣಗೆ ಜಗಳವಾಡಿದರು.

ಮರುವರ್ಷ, ಅದೇ ಬಯಲು

ಅಕ್ಕ ಒಂದು ಸಲ ಹೇಳಿದರೆ ಹೇಳಿದ ಹಾಗೆ. ಮುಂದಿನ ಬೇಸಿಗೆಗೆ ಇಳಕಲ್ ಸೀರೆಯ ಮೇಲೆ ನನ್ನ ಹಳೆಯ ಕೋಟು ತೊಟ್ಟು ಹೊರಟೇ ಬಿಟ್ಟಳು. ಸುಜಾತಾ ಅಷ್ಟರಲ್ಲಿ ಆ ದ್ವೀಪದಲ್ಲೇ ಒಂದು ಪೂರ್ತಿ ಚಳಿಗಾಲ ಕಳೆದಿದ್ದಳು. ಅಲ್ಲಿನ ನರ್ಸ್ ರಜೆಯಲ್ಲಿದ್ದಾಗ ಬದಲಿಯಾಗಿ ಹೋಗಿ ಬಾಡಿಗೆ ಕೋಣೆ ಹಿಡಿದಿದ್ದಳು. ಕತ್ತಲೆ ಹೇಗಿತ್ತೇ ಎಂದು ಅಕ್ಕ ಕೇಳಿದರೆ, ಇಂಗ್ರಿಡ್ ತನಗೆ ಹೆಣಿಗೆ ಕಲಿಸಿದಳು ಎಂದಷ್ಟೇ ಹೇಳುತ್ತಿದ್ದಳಂತೆ.

ದಾರಿಯುದ್ದಕ್ಕೂ ದೊಡ್ಡ ವಿಮಾನಗಳಲ್ಲಿ ಅಕ್ಕ ನನ್ನ ಮುಂಗೈ ಹಿಡಿದಿದ್ದಳು. ಉಗುರಿನ ಗುರುತು ಎಣಿಸಲು ಹೋಗಲಿಲ್ಲ. ವೆಸ್ಟ್ರೇಯಲ್ಲಿ ನಿಂತಾಗ ಇದೇ ಕೊನೆಯದು ಎಂದೆ. ಅವಳು ಕಣ್ಣು ಮುಚ್ಚಿ, ಸೆರಗು ಬಿಗಿ ಹಿಡಿದು, ಬೀರಪ್ಪನ ಹೆಸರು ಹೇಳತೊಡಗಿದಳು. ಇಂಜಿನ್ ಅಬ್ಬರಿಸಿತು, ಅಲುಗಾಡಿತು, ತಣ್ಣಗಾಯಿತು. ಅವಳು ಕಣ್ಣು ಮುಚ್ಚಿಕೊಂಡೇ, "ಯಾವಾಗ ಏಳ್ತದ ಇದು? ಬಿಗಡ್ಯದೇನು?" ಎಂದು ಕೇಳಿದಳು. ಅಷ್ಟರಲ್ಲಿ ಹೊರಗಿನಿಂದ ಮ್ಯಾಗ್ನಸ್ ಹೆಲ್ಮೆಟ್ ಸಮೇತ ಬಾಗಿಲು ತೆರೆದ.

ಬಯಲಿನ ಕೋಣೆಯ ಮುಂದೆ ಇಂಗ್ರಿಡ್ ನಿಂತಿದ್ದಳು, ಪಕ್ಕದಲ್ಲಿ ಸುಜಾತಾ. ಅಕ್ಕ ಇಳಿದು, ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ನೇರವಾಗಿ ಇಂಗ್ರಿಡ್‌ಳ ಮುಂದೆ ಹೋಗಿ ನಿಂತಳು. ಅವಳ ತಲೆ ಇಂಗ್ರಿಡ್‌ಳ ಭುಜಕ್ಕೆ ಬರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ದಾಟಿಸಲೆಂದು ಹತ್ತಿರ ಹೋದೆ.

ನನಗೆ ಕೆಲಸ ಬೀಳಲಿಲ್ಲ. ಚಳಿಗಾಲವೆಲ್ಲ ಕಲಿತು ಇಟ್ಟುಕೊಂಡಿದ್ದ ಮಾತನ್ನು ಇಂಗ್ರಿಡ್ ಮುರಿದು ಮುರಿದು, ಆದರೆ ನಮ್ಮ ಕಡೆಯ ಕನ್ನಡದಲ್ಲೇ ಹೇಳಿದಳು.

"ಬರ್ರಿ ಅಕ್ಕಾ. ಊಟ ಆತೇನು?"

ನಮ್ಮಲ್ಲಿ ಸಂಬಂಧ ಮನಸ್ಸಿಗೆ ಬರುವವರೆಗೆ ಹುಡುಗನ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ನೋಡಿ, ಮಾತಾಡಿ, ಊಟ ಆಗಿದೆ ಎಂದು ಎದ್ದು ಬಂದರೆ ಅಲ್ಲಿಗೆ ಮಾತು ಮುಗಿಯಿತೆಂದೇ ಅರ್ಥ. ನಾನು ಎಂಟು ದಿನ ತಿಂದದ್ದು ಲೆಕ್ಕಕ್ಕಿಲ್ಲ, ಕಾಲು ಉಳುಕಿದವನ ಊಟ ಔಷಧಿಗೆ ಸಮ. ಸುಜಾತಾಳಿಗೆ ಈ ಪದ್ಧತಿ ಗೊತ್ತು. ಅವಳು ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು.

ಅಕ್ಕ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಇಲ್ಲವ್ವಾ" ಎಂದಳು ಇಂಗ್ರಿಡ್‌ಳಿಗೆ. "ಹಸಗೊಂಡೇ ಬಂದೀನಿ. ನಡಿ, ಏನ್ ಮಾಡೀದಿ ತೋರಸು."